ಯಮನೂರನ ಗಾಡಿಗೆ ಬನ್ನಿ

“ಲೇ ಬೇವರ್ಸಿ, ಆ ಹೇಲಿನ ಗಾಡೀನ ಯಾವನ್ಲಾ ಇಲ್ಲಿ ತಂದ್ ನಿಲ್ಸಿದ್ದು? ಕಾರ್‌ಗಳ ಸಾಲಲ್ಲಿ ಇದ್ಯಾಕ್ ಬಂತು? ತೆಗೀರ್ಲಾ ಅತ್ಲಾಗೆ.”

ಆಯುಧ ಪೂಜೆಯ ದಿನ ಬೆಳಗ್ಗೆ ನಮಗೆ ಮೊದಲ ಮಂಗಳಾರತಿ ಎತ್ತಿದವನು ಆಂಜಿನಪ್ಪ. ಬ್ರೂಕ್‌ಫೀಲ್ಡ್ ಹಿಂದುಗಡೆಯ ಆ ದೊಡ್ಡ ಅಪಾರ್ಟ್‌ಮೆಂಟಿಗೆ ಅವನು ಮ್ಯಾನೇಜರು. ವಾಚ್‌ಮನ್‌ಗಳನ್ನು ಬೈಯುವುದು, ಕಸ ಗುಡಿಸುವ ಹೆಂಗಸರನ್ನು ಬೈಯುವುದು, ಬಿಡುವಾದಾಗ ನಮ್ಮನ್ನು ಬೈಯುವುದು, ಇದಿಷ್ಟು ಅವನ ಉದ್ಯೋಗ. ಕಟ್ಟಡ ನಿಂತಿರುವುದು ಅವರಪ್ಪನ ರಾಗಿ ಹೊಲದಲ್ಲಿ. ನಮ್ಮಜ್ಜ ಅದೇ ಹೊಲದಲ್ಲಿ ಜೀತಕ್ಕಿದ್ದ. ಹೊಲ ಹೋಗಿ ಲಿಫ್ಟು ಬಂದರೂ ಆಂಜಿನಪ್ಪನ ಬಾಯಿ ಮಾತ್ರ ಇನ್ನೂ ಹೊಲದ ಬದುವಿನ ಮೇಲೇ ನಿಂತಿದೆ.

ಅಧ್ಯಕ್ಷರೇ ಬರಹೇಳಿದ್ದಾರೆ ಅಣ್ಣ ಅಂತ ನಾನು ಹೇಳಿದೆ. ಸುಳ್ಳಲ್ಲ. ಅಸೋಸಿಯೇಷನ್ ಅಧ್ಯಕ್ಷ ಹರ್ಷವರ್ಧನ್ ಸಾರ್ ಹಿಂದಿನ ವಾರ ಗೇಟಿನ ಹತ್ತಿರ ನಿಂತು, ನಮಗೆ ಸೇವೆ ಮಾಡುವ ಎಲ್ಲ ಗಾಡಿಗಳಿಗೂ ಈ ಸಲ ಒಟ್ಟಿಗೇ ಪೂಜೆ, ಎಲ್ಲರೂ ಬನ್ನಿ ಅಂದಿದ್ದರು. ಹಾಲಿನ ವ್ಯಾನು ಬಂದಿತ್ತು, ನೀರಿನ ಟ್ಯಾಂಕರು ಬಂದಿತ್ತು, ಸ್ಕೂಲ್ ಬಸ್ಸು ಬಂದಿತ್ತು. ಇಷ್ಟು ಮನೆಗಳ ಹೇಲು ಹೊರುವುದು ಸೇವೆಯಲ್ಲದೆ ಮತ್ತಿನ್ನೇನು ಅಂತ ನಾವೂ ಬಂದಿದ್ದೆವು.

ನಾವು ಅಂದರೆ ಮುದಕಪ್ಪ ಮತ್ತು ನಾನು. ಅವನು ಗಾಡಿಯ ಯಜಮಾನ, ಡ್ರೈವರು ಕೂಡ. ನಾನು ಲೋಕೇಶ, ಪೈಪಿನವನು. ಅವನು ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಗುಂಡಿಗೆ ಇಳಿದವನು. ನಾನು ಇಲ್ಲೇ ಹುಟ್ಟಿ ಇಲ್ಲೇ ಇಳಿದವನು. ಈಗ ಇಬ್ಬರೂ ಇಳಿಯುವುದಿಲ್ಲ. ನಮ್ಮ ಗಾಡಿಯಲ್ಲಿ ಗುಂಡಿಗೆ ಇಳಿಯುವುದು ಪೈಪು ಮಾತ್ರ. ಅದು ಮುದಕಪ್ಪನ ಕಾನೂನು. ಅಧ್ಯಕ್ಷರು ಹೇಳಿದರೂ ಅಷ್ಟೆ, ದೇವರು ಹೇಳಿದರೂ ಅಷ್ಟೆ.

ಮುದಕಪ್ಪನಿಗೆ ತನ್ನ ಕೆಲಸದ ಬಗ್ಗೆ ಒಂದು ಸಿದ್ಧಾಂತ ಇತ್ತು. ಡಾಕ್ಟರು ಗೆದ್ದ ಅನ್ನಬೇಕಾದರೆ ಹತ್ತು ಜನ ಅವನ ಹೆಸರು ಹೇಳಬೇಕು. ನಮ್ಮದು ಉಲ್ಟಾ. ನಾವು ಬಂದದ್ದೂ ಹೋದದ್ದೂ ಯಾರ ಮೂಗಿಗೂ ಗೊತ್ತಾಗದಿದ್ದರೆ ಆವತ್ತು ನಾವು ಗೆದ್ದ ಹಾಗೆ. ಬೆಳಗಿನ ಜಾವ ಬಂದು, ಜನ ಕಾಫಿಗೆ ಏಳುವ ಮುಂಚೆ ಗುಂಡಿ ಬರಿದು ಮಾಡಿ, ಸುತ್ತ ತೊಳೆದು ಹೋಗುತ್ತಿದ್ದೆವು. ಯಾರೂ ನಮ್ಮನ್ನು ನೆನೆಯದ ವಾರವನ್ನು ಅವನು ಒಳ್ಳೆಯ ವಾರ ಅನ್ನುತ್ತಿದ್ದ. ನನಗೆ ಇದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಮೆಚ್ಚಿಸುವುದು ಬೇಡ, ಕಣ್ಣಿಗೆ ಬಿದ್ದಾಗ ಮುಖ ತಿರುಗಿಸದಿದ್ದರೆ ಸಾಕು ಗುರು ಅಂದರೆ ನಗುತ್ತಿದ್ದ.

ಆವತ್ತು ಮಾತ್ರ ಅವನಿಗೂ ಕಣ್ಣಿಗೆ ಬೀಳಬೇಕಿತ್ತು. ಯಾಕೆಂದರೆ ಊರಿಂದ ಬಸಕ್ಕ ಬಂದಿದ್ದಳು. ಬಸಕ್ಕ ಅವನಿಗೆ ಅಕ್ಕನೂ ಹೌದು, ಅತ್ತೆಯೂ ಹೌದು, ಸ್ವಂತ ಅಕ್ಕನ ಮಗಳನ್ನೇ ಮದುವೆಯಾಗಿದ್ದಾನೆ. ಊರಲ್ಲಿ ಬಸಕ್ಕ ಗುಡಿಯ ಹೊರಗೆ ಬೇವಿನ ಮರದ ಕೆಳಗೆ ನಿಂತು ಕೈ ಮುಗಿದು ಬರುವವಳು. ಅವಳಿಗೆ ಇವನು ಫೋನಿನಲ್ಲಿ ಕೊಚ್ಚಿಕೊಂಡಿದ್ದ: “ಬೆಂಗಳೂರಾಗ ಹಂಗೇನಿಲ್ಲಕ್ಕ. ಗಾಡಿ ಅಂದ್ರ ಗಾಡಿ. ಕಾರಿನ ಜೋಡಿ ನಿಲ್ಲಿಸಿ ಅಯ್ಯಾರ ಕಡಿಂದ ಪೂಜಿ ಮಾಡಿಸ್ತೀನಿ, ಬಂದು ನೋಡು.”

ಅವಳು ನೋಡಲು ಬಂದಿದ್ದಳು. ಇನ್ನೊಂದು ಕಾರಣವೂ ಇತ್ತು. ಗಾಡಿಯ ಹಣೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಯಮನೂರ’ ಅಂತ ಬರೆಸಿದೆ. ಜನ ಅದನ್ನು ಯಾವುದೋ ದೇವರ ಹೆಸರು ಅಂದುಕೊಳ್ಳುತ್ತಾರೆ. ಅದು ಬಸಕ್ಕನ ಮಗನ ಹೆಸರು. ನಮ್ಮ ಜೊತೆಗಾರ. ನಗಿಸಿ ನಗಿಸಿ ಸಾಯಿಸುತ್ತಿದ್ದ. ಬೇರೊಂದು ಕಟ್ಟಡದ ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಆಮೇಲೆಯೇ ಮುದಕಪ್ಪ ಬೇರೆಯವರ ಗಾಡಿ ಬಿಟ್ಟು ಈ ಹಳೇ ಗಾಡಿ ಮಾಡಿಕೊಂಡದ್ದು, ಆ ಕಾನೂನು ತಂದದ್ದು.

ಹಿಂದಿನ ದಿನವೆಲ್ಲ ಗಾಡಿ ತೊಳೆದಿದ್ದೆವು. ಸೋಪು, ಬ್ಲೀಚು, ನಿಂಬೆಹಣ್ಣು, ಕೊನೆಗೆ ಮುದಕಪ್ಪನ ಹೆಂಡತಿ ಸವಿತಾ ತಲೆಗೆ ಹಾಕುವ ಶಾಂಪೂ ಕೂಡ. ಬಾಳೆಕಂದು ಕಟ್ಟಿ, ಚೆಂಡು ಹೂವಿನ ಹಾರ ಹಾಕಿದ ಮೇಲೆ ಗಾಡಿ ಮದುಮಗನ ಹಾಗೆ ಕಂಡಿತು. ಮೂಗು ಇಟ್ಟು ನೋಡಿದರೆ ಪಕ್ಕದ ಹಾಲಿನ ವ್ಯಾನೇ ಹುಳಿ ವಾಸನೆ ಹೊಡೆಯುತ್ತಿತ್ತು.

ಸಿದ್ದಲಿಂಗಯ್ಯನವರು ಸಾಲಿನ ಆ ತುದಿಯಿಂದ ಶುರು ಮಾಡಿದರು. ಅಪಾರ್ಟ್‌ಮೆಂಟಿನ ಮೂಲೆಯಲ್ಲಿ ಒಂದು ಪುಟ್ಟ ಗಣಪತಿ ಗುಡಿ ಇದೆ, ಅದರ ಪೂಜಾರಿ ಅವರು. ಕಾರುಗಳಿಗೆಲ್ಲ ಕುಂಕುಮ ಇಟ್ಟು, ತೀರ್ಥ ಚಿಮುಕಿಸಿ, ಆರತಿ ಬೆಳಗುತ್ತ ಬಂದರು. ಜನ ಲ್ಯಾಪ್‌ಟಾಪು ಹಿಡಿದುಕೊಂಡು ನಿಂತಿದ್ದರು. ಒಬ್ಬ ಮೇಡಂ ಮನೆಯೊಳಗೆ ತಾನೇ ಓಡಾಡಿ ಧೂಳು ಹೀರುವ ದುಂಡನೆಯ ಮಷೀನನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದಿದ್ದರು. ಅದಕ್ಕೂ ಕುಂಕುಮ ಬಿತ್ತು, ಹೂವು ಬಿತ್ತು. ನನಗೆ ಭಾರಿ ಸಮಾಧಾನವಾಯಿತು. ಅದೂ ಹೀರುತ್ತದೆ, ನಮ್ಮದೂ ಹೀರುತ್ತದೆ, ನಮ್ಮದು ಸ್ವಲ್ಪ ಜಾಸ್ತಿ ಹೀರುತ್ತದೆ ಅಷ್ಟೆ.

ನಮ್ಮ ಮುಂದೆ ಬಂದವರು ನಿಂತರು. ಇದು ಯಾವ ಗಾಡಿ ಅಂತ ಕೇಳಿದರು. ಅವರಿಗೆ ಗೊತ್ತಿಲ್ಲದ್ದೇನಲ್ಲ, ತಿಂಗಳಿಗೆರಡು ಸಲ ನೋಡುತ್ತಾರೆ. ಗುಂಡಿ ಗಾಡಿ ಅಯ್ಯಾರ ಅಂತ ಮುದಕಪ್ಪ ಎರಡೂ ಕೈ ಜೋಡಿಸಿ ಹೇಳಿದ. ಸಿದ್ದಲಿಂಗಯ್ಯನವರು ಆರತಿ ತಟ್ಟೆಯನ್ನು ಎದೆಗೆ ಎಳೆದುಕೊಂಡರು.

“ಇದು ಆಯುಧ ಅಲ್ಲಪ್ಪ,” ಅಂದರು. “ಆಯುಧ ಅಂದ್ರೆ ಮಡಿ ಸಾಮಾನು. ಇದು ಗಲೀಜು ಎತ್ತೋದು. ಇದಕ್ಕೆ ಪೂಜೆ ಬರಲ್ಲ.”

ಇಷ್ಟು ಹೇಳಿ, ನಮ್ಮನ್ನು ದಾಟಿ, ಹಾಲಿನ ವ್ಯಾನಿಗೆ ಆರತಿ ಎತ್ತಿದರು. ಆಂಜಿನಪ್ಪನಿಗೆ ಅಷ್ಟೇ ಸಾಕಾಗಿತ್ತು. ನಮ್ಮ ಬಾಳೆಕಂದನ್ನು ಹಿಡಿದು ಎಳೆದ, ಅದು ಮುರಿಯಿತು. ಹರ್ಷವರ್ಧನ್ ಸಾರ್ ರೇಷ್ಮೆ ಜುಬ್ಬಾದಲ್ಲಿ ಓಡಿ ಬಂದು ನಮ್ಮನ್ನು ಸಮಾಧಾನ ಮಾಡಿದರು. ಒಳ್ಳೆಯ ಮನುಷ್ಯ, ಬೈಯಲು ಬರುವುದಿಲ್ಲ.

“ಮುದಕಪ್ಪ, ಬೇಜಾರ್ ಮಾಡ್ಕೋಬೇಡಿ. ನಿಮ್ ಕೆಲಸದ ಮೇಲೆ ನಂಗೆ ತುಂಬಾ ರೆಸ್ಪೆಕ್ಟ್ ಇದೆ. ಬಟ್ ಎಲ್ರ ಸೆಂಟಿಮೆಂಟ್ಸೂ ನೋಡ್ಬೇಕಲ್ವಾ? ಹಿಂದಿನ ಗೇಟ್ ಹತ್ರ ನಿಲ್ಸಿ, ಪ್ರಸಾದ ಅಲ್ಲಿಗೇ ಕಳಿಸ್ತೀನಿ.”

ಬೈಗುಳಕ್ಕಾದರೆ ತಿರುಗಿ ಬೈಯಬಹುದು. ಈ ಮಾತಿಗೆ ಏನು ಮಾಡುವುದು? ಮುದಕಪ್ಪ ಗಾಡಿ ರಿವರ್ಸ್ ತೆಗೆದ. ಬಸಕ್ಕ ಒಂದು ಕಡೆ ನಿಂತು ಎಲ್ಲವನ್ನೂ ನೋಡಿದ್ದಳು. ಅವಳ ತಮ್ಮನ ಮುಖ ನೋಡಲು ನನ್ನಿಂದಾಗಲಿಲ್ಲ.

ಹಿಂದಿನ ಗೇಟು ಅಂದರೆ ಕಸದ ಕೋಣೆಯ ಪಕ್ಕ. ಅಲ್ಲಿ ಗಾಡಿ ನಿಲ್ಲಿಸಿ ಮುದಕಪ್ಪ ಸ್ಟೇರಿಂಗ್ ಮೇಲೆ ತಲೆ ಇಟ್ಟ. ಬಸಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಬೆಂಗಳೂರು ನಮ್ಮೂರಿಂದ ಏನೂ ದೂರ ಇಲ್ಲಲ್ಲೋ ತಮ್ಮಾ ಅಂದಳು. ಅಷ್ಟು ಅಂದು ನಕ್ಕಳು. ಅವಳು ನಕ್ಕದ್ದರಿಂದ ಮುದಕಪ್ಪ ತಲೆ ಎತ್ತಿದ.

“ಅಯ್ಯ ಇಲ್ಲಂದ್ರ ಪೂಜಿ ಇಲ್ಲೇನು? ನನ್ನ ಮಗನ ಹೆಸರಿನ ಗಾಡಿ. ಇಳಿ, ನಾನ ಮಾಡ್ತೀನಿ.”

ಮಾಡಿದಳು, ಅದೂ ಎಂಥ ಪೂಜೆ. ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಯಮನೂರ ಅನ್ನುವ ಹೆಸರಿಗೆ ಭಂಡಾರದ ಅರಿಶಿನ ಬಳಿದಳು, ಒಂದೊಂದು ಅಕ್ಷರಕ್ಕೂ ಬೆರಳಿಟ್ಟು, ಮಗುವಿನ ಕೆನ್ನೆ ಸವರಿದ ಹಾಗೆ. ಸುಳ್ಳೇಕೆ ಹೇಳಲಿ, ನನಗೆ ಅಳು ಬಂತು. ಪೈಪಿನ ಬಾಯಿಗೆ ಅರಿಶಿನದ ದಾರ ಕಟ್ಟಿದಳು. ಕಸ ಗುಡಿಸುವ ಹೆಂಗಸರೂ ತಮ್ಮ ಪೊರಕೆ, ಮಾಪು, ಬಕೆಟ್ಟು ತಂದು ಗಾಡಿಗೆ ಒರಗಿಸಿಟ್ಟರು. ಅವಕ್ಕೂ ಮುಂದಿನ ಗೇಟಿನಲ್ಲಿ ಪೂಜೆ ಸಿಕ್ಕಿರಲಿಲ್ಲ. ನಾನು ಬೂದುಗುಂಬಳ ಎತ್ತಿ ನೆಲಕ್ಕೆ ಅಪ್ಪಳಿಸಿದೆ, ಆಂಜಿನಪ್ಪನ ತಲೆ ಅಂದುಕೊಂಡು. ಚೆನ್ನಾಗಿ ಒಡೆಯಿತು.

ಪೂಜೆ ಮುಗಿದ ಮೇಲೆ ಬಸಕ್ಕ ಗಾಡಿಯ ಕೀಲಿ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಬನ್ನಿ ಮುಡಿಯುವ ತನಕ ಇದನ್ನು ಯಾರೂ ಎತ್ತುವ ಹಾಗಿಲ್ಲ ಅಂದಳು. ಅದು ಎಲ್ಲ ಕಡೆಯ ಪದ್ಧತಿಯೇ. ಪೂಜೆಗಿಟ್ಟ ಹತಾರವನ್ನು ಮಾರನೆಯ ದಿನ ವಿಜಯದಶಮಿಗೆ ತೆಗೆಯಬೇಕು. ಅವರ ಕಡೆ ಬನ್ನಿ ಎಲೆಯನ್ನು ಕೈಯಿಂದ ಕೈಗೆ ಕೊಟ್ಟು, ಬಂಗಾರದ ಹಾಗೆ ಇರೋಣ ಅಂತ ಹೇಳಿಕೊಂಡ ಮೇಲೆಯೇ ಕೆಲಸ. ನಮ್ಮಜ್ಜನಿಗೆ ವರ್ಷಕ್ಕೆ ಒಂದು ದಿನ ರಜ ಸಿಗುತ್ತಿತ್ತು. ಅದು ಆಂಜಿನಪ್ಪನ ಅಪ್ಪ ಅಜ್ಜನಿಗೆ ಕೊಟ್ಟ ರಜ ಅಲ್ಲ. ಗುದ್ದಲಿಗೆ ರಜ ಇತ್ತು, ಅದಕ್ಕೇ ಅಜ್ಜನಿಗೂ ಇತ್ತು.

ಸವಿತಾ ಕಟ್ಟಿಕೊಟ್ಟ ಹೋಳಿಗೆ ಬಿಚ್ಚಿದೆವು. ಕಾಂಪೌಂಡಿನ ಒಳಗೆ ಶಾಮಿಯಾನ ಹಾಕಿ, ಅಪಾರ್ಟ್‌ಮೆಂಟಿನವರಲ್ಲಿ ತಮ್ಮ ತಮ್ಮ ವೃತ್ತಿಯಲ್ಲಿ ಹೆಸರು ಮಾಡಿದವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಶಾಲು, ಪೇಟ, ಹಣ್ಣಿನ ಬುಟ್ಟಿ. ಮೈಕಿನ ಮಾತು ಗೋಡೆ ಹಾರಿ ನಮ್ಮ ತನಕ ಬರುತ್ತಿತ್ತು. ಹರ್ಷವರ್ಧನ್ ಸಾರ್ ಭಾಷಣ ಸಕ್ಕತ್ತಾಗಿ ಮಾಡುತ್ತಾರೆ.

“ಸಕ್ಸೆಸ್ ಅಂದ್ರೆ ಏನು? ಸಂಬಳಾನಾ? ಪೋಸ್ಟಾ? ಅಲ್ಲ. ನೀವು ಒಂದು ದಿನ ರಜ ಹಾಕಿದ್ರೆ ಎಷ್ಟು ಜನಕ್ಕೆ ಗೊತ್ತಾಗುತ್ತೆ, ಅದು ಸಕ್ಸೆಸ್.”

ಚಪ್ಪಾಳೆ ಬಿತ್ತು. ಮುದಕಪ್ಪ ಹೋಳಿಗೆ ಹಿಡಿದ ಕೈಯನ್ನು ಬಾಯಿಯ ಹತ್ತಿರವೇ ನಿಲ್ಲಿಸಿ ಕೇಳುತ್ತಿದ್ದ. ತನ್ನ ಸಿದ್ಧಾಂತಕ್ಕೆ ಯಾರೋ ಕಲ್ಲು ಹೊಡೆದ ಹಾಗಾಯಿತೇನೋ. ಕೇಳಿದೇನಲೇ ಲೋಕ್ಯಾ ಅಂದ. ಕೇಳಿದೆ ಗುರು ಅಂದೆ.

ಗುಂಡಿಯ ವಿಷಯ ಈಗ ಹೇಳಬೇಕು. ಆ ಕಟ್ಟಡದಲ್ಲಿ ಕೊಳೆನೀರು ಶುದ್ಧ ಮಾಡುವ ಮಷೀನಿದೆ, ಅದು ಓಡಿದ್ದು ಉದ್ಘಾಟನೆಯ ದಿನ. ಆಮೇಲೆ ಎಲ್ಲವೂ ಗುಂಡಿಗೆ, ಗುಂಡಿಯಿಂದ ನಮ್ಮ ಗಾಡಿಗೆ. ಹಬ್ಬದ ಮುಂಚೆಯೇ ಬಂದು ಎತ್ತುತ್ತೇವೆ, ತುಂಬಿದೆ ಅಂತ ಮುದಕಪ್ಪ ಹೇಳಿದ್ದ. ಹಬ್ಬಕ್ಕೆ ನೆಂಟರು ಬಂದಿರುತ್ತಾರೆ, ಗಬ್ಬು ಎಬ್ಬಿಸಬೇಡಿ, ಹಬ್ಬ ಕಳೀಲಿ ಅಂತ ವಾಪಸ್ ಕಳಿಸಿದವನು ಇದೇ ಆಂಜಿನಪ್ಪ. ಹಬ್ಬದ ದಿನ ಎಲ್ಲರೂ ಮನೆಯಲ್ಲಿ. ಮನೆ ತೊಳೆದಿದ್ದಾರೆ, ಎಣ್ಣೆಸ್ನಾನ ಮಾಡಿದ್ದಾರೆ, ಪಾಯಸ ಉಂಡಿದ್ದಾರೆ. ಗುಂಡಿ ಎಷ್ಟು ಅಂತ ತಡೆದುಕೊಂಡೀತು, ಪಾಪ.

ಮೈಕು ಇದ್ದಕ್ಕಿದ್ದ ಹಾಗೆ ನಿಂತಿತು. ಕುರ್ಚಿಗಳ ಸದ್ದು, ಅಯ್ಯಯ್ಯೋ ಅನ್ನುವ ಸದ್ದು. ಗುಂಡಿಯ ಮುಚ್ಚಳ ಎತ್ತಿಕೊಂಡು ಬಂದ ನೀರು ಶಾಮಿಯಾನದ ಕೆಂಪು ಹಾಸಿನ ಮೇಲೆ ಹರಿದಿತ್ತು. ಪೇಟ ಸುತ್ತಿಕೊಂಡ ಯಶಸ್ವಿಗಳೆಲ್ಲ ಪ್ಯಾಂಟು ಮಡಚಿಕೊಂಡು ಮೆಟ್ಟಿಲು ಹತ್ತಿದರಂತೆ. ನೋಡಿದ ವಾಚ್‌ಮನ್ ನಮಗೆ ಹೇಳುವಾಗ ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡ.

ಆಂಜಿನಪ್ಪ ಮೊದಲು ನಮ್ಮ ಹತ್ತಿರ ಬರಲಿಲ್ಲ, ಸ್ವಾಭಿಮಾನ. ವೈಟ್‌ಫೀಲ್ಡ್‌ನಿಂದ ಬೊಮ್ಮನಹಳ್ಳಿಯ ತನಕ ಇದ್ದ ಗಾಡಿಯವರಿಗೆಲ್ಲ ಫೋನು ಹಚ್ಚಿದ. ಎಲ್ಲರದ್ದೂ ಒಂದೇ ಮಾತು: ಗಾಡಿಗೆ ಪೂಜೆ ಆಗಿದೆ, ಇವತ್ತು ಎತ್ತಲ್ಲ. ಆಮೇಲೆ ಅವನೂ ಹರ್ಷವರ್ಧನ್ ಸಾರೂ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹಿಂದಿನ ಗೇಟಿಗೆ ಬಂದರು. ಸಾರ್ ತುಂಬ ನಯವಾಗಿ ಕೇಳಿದರು. ಮುದಕಪ್ಪ ಎದ್ದು ನಿಂತು ಕೈ ಮುಗಿದ.

“ಸರ್, ನಿಮ್ಮ ಭಾಷಣ ಭಾಳ ಚಲೋ ಇತ್ರೀ. ನಾವು ಇವತ್ತ ರಜಾ ಹಾಕೀವ್ರಿ.”

ನನಗೆ ನಗು ತಡೆಯಲಾಗದೆ ಕೆಮ್ಮಿದೆ. ಸಾರ್ ಮುಖ ಕೆಂಪಾಯಿತು, ಆದರೂ ಓದಿದವರು, ಬಿಡುವುದಿಲ್ಲ. ಸಿದ್ದಲಿಂಗಯ್ಯನವರೇ ಇದು ಆಯುಧ ಅಲ್ಲ ಅಂದಿದ್ದಾರಲ್ಲ, ಹಾಗಾದರೆ ಆ ನಿಯಮ ಇದಕ್ಕೆ ಹೇಗೆ ಬರುತ್ತದೆ ಅಂತ ಕೇಳಿದರು. ಬಸಕ್ಕ ಕೂತಲ್ಲಿಂದಲೇ ಹೇಳಿದಳು.

“ಆಯುಧ ಅಲ್ಲಂದ್ರ ಈಗ ನಿಮಗ್ಯಾಕ ಬೇಕಾತ್ರಿ ಇದು? ಅಯ್ಯಾರ ಪೂಜಿ ಮಾಡ್ಯಾರಲ್ಲ, ಆ ಧೂಳ ಹೀರೂ ಮಷೀನ್ ತರ್ರಿ.”

ಆಂಜಿನಪ್ಪನಿಗೆ ರೇಗಿ ಹೋಯಿತು. ನನ್ನ ಕಡೆ ತಿರುಗಿ, ನಮ್ಮಪ್ಪನ ಅನ್ನ ತಿಂದ ವಂಶ ನಿಂದು, ನೀನಾದ್ರೂ ಬಾರೋ ಅಂದ. ನಾನು ಆಕಾಶ ನೋಡಿದೆ. ಅವನ ದನಿ ಏರಿತು.

“ಗಾಡಿ ಬ್ಯಾಡ ಕಣ್ರಲಾ ಬಡ್ಡೆತ್ತವಾ. ಒಬ್ಬ ಒಳೀಕ್ ಇಳೀರಿ. ಕಟ್ಕೊಂಡಿರೋದ ಕೈ ಹಾಕಿ ಬಿಡ್ಸುದ್ರೆ ಒಂದ್ ಗಳಿಗೆ ಕೆಲ್ಸ. ಮೊದ್ಲೆಲ್ಲ ಇಳೀತಿರ್ಲಿಲ್ವಾ, ಈಗೇನ್ ಕೊಂಬು ಬಂದೈತೆ?”

ಬಸಕ್ಕ ಎದ್ದಳು. ನಿಧಾನವಾಗಿ ಹೋಗಿ ಗಾಡಿಯ ಮುಂದೆ ನಿಂತು, ಭಂಡಾರ ಬಳಿದ ಹೆಸರಿನ ಮೇಲೆ ಅಂಗೈ ಇಟ್ಟಳು.

“ಇದನ್ನ ಓದಪ್ಪಾ. ಇಂವ ಇಳದಾನ. ಇನ್ನಾ ಮ್ಯಾಲ ಬಂದಿಲ್ಲ.”

ಹರ್ಷವರ್ಧನ್ ಸಾರ್ ಕರ್ಚೀಫು ತೆಗೆದರು. ನೆಲ ನೋಡಿದರು. ಹಾಗಾದರೆ ಏನು ಮಾಡಬೇಕು ಹೇಳಮ್ಮ ಅಂತ ಕೇಳಿದರು. ಬಸಕ್ಕ ಯೋಚನೆ ಮಾಡಿದಳು. ಬನ್ನಿ ಮುಡಿಯುವುದು ನಾಳೆ ಸಂಜೆಗೆ, ಮಂದಿಗೆ ತ್ರಾಸಾಗುತ್ತದೆ, ಅದಕ್ಕೇ ಬೆಳಗ್ಗೆಯೇ ಮಾಡೋಣ ಅಂದಳು. ಈ ಗಾಡಿಯ ಕೆಲಸ ಬೇಕಾದವರು ಬಂದು ನಮಗೆ ಬನ್ನಿ ಕೊಡಲಿ, ನಾವೂ ಕೊಡುತ್ತೇವೆ, ಆಮೇಲೆ ಗಾಡಿ ಎತ್ತುತ್ತೇವೆ. ಎರಡರಷ್ಟು ದುಡ್ಡು ಕೊಡುತ್ತೇನೆ ಅಂದರು ಸಾರ್. ದುಡ್ಡು ಎಂದಿನಷ್ಟೇ ಇರಲಿ ಅಂದ ಮುದಕಪ್ಪ. ಅವನ ಬೆನ್ನು ಅಷ್ಟು ನೆಟ್ಟಗಾದದ್ದನ್ನು ನಾನು ನೋಡಿದ್ದು ಆಗಲೇ.

ಮಾರನೆಯ ಬೆಳಗ್ಗೆ ಹಿಂದಿನ ಗೇಟಿನಲ್ಲಿ ಜಾತ್ರೆ ಸೇರಿತು. ಬನ್ನಿ ತಂದವನು ಆಂಜಿನಪ್ಪನೇ. ಹಳೇ ಊರಿನ ಆಂಜನೇಯನ ಗುಡಿ ಹಿಂದೆ ಈಗಲೂ ಒಂದು ಬನ್ನಿ ಮರ ಇದೆ, ಅದು ಗೊತ್ತಿರುವುದು ಅವನಂಥವರಿಗೆ ಮಾತ್ರ. ಮೊದಲು ವಾಚ್‌ಮನ್‌ಗಳು, ಕಸದ ಹೆಂಗಸರು ಬಂದರು. ಆಮೇಲೆ ಮೂರನೇ ಮಹಡಿಯ ಒಬ್ಬ ಅಜ್ಜಿ, ಬಿಜಾಪುರದ ಕಡೆಯವರು, ಮಗನ ಮನೆಗೆ ಬಂದು ಎಷ್ಟು ಕಾಲವಾಗಿತ್ತೋ, ಎಲೆ ಹಿಡಿದು ಓಡೋಡಿ ಬಂದರು. ಬಂಗಾರ ತಗೋ ಯವ್ವಾ, ಬಂಗಾರದಂಗ ಇರೂಣು ಅಂತ ಬಸಕ್ಕನನ್ನು ತಬ್ಬಿಕೊಂಡೇ ಬಿಟ್ಟರು. ಅವರ ಸೊಸೆ ದೂರ ನಿಂತು ಕಣ್ಣು ಕಣ್ಣು ಬಿಟ್ಟಳು. ಹರ್ಷವರ್ಧನ್ ಸಾರ್ ಬಂದು ಕೈಗೆ ಕೈ ಹಚ್ಚಿ ಕೊಟ್ಟರು, ಫೋಟೋ ಕೂಡ ತೆಗೆಸಿಕೊಂಡರು. ಇರಲಿ, ಕೊಟ್ಟರಲ್ಲ.

ಆಂಜಿನಪ್ಪನ ಸರದಿ ಬಂತು. ಎಲೆ ಹಿಡಿದು ಬಂದವನು ಮುದಕಪ್ಪನ ಅಂಗೈಗಿಂತ ಒಂದು ಗೇಣು ಮೇಲೆ ಕೈ ನಿಲ್ಲಿಸಿ, ಅಲ್ಲಿಂದ ಉದುರಿಸಿದ. ಬೇಕೆಂದು ಮಾಡಿದ್ದಲ್ಲ ಅಂತ ಆಣೆ ಮಾಡಿ ಹೇಳಬಲ್ಲೆ. ಅವರ ಮನೆಯಲ್ಲಿ ನಮಗೆ ಕೊಡುವುದೇ ಹಾಗೆ. ಅವರಪ್ಪ ನಮ್ಮಜ್ಜನಿಗೆ ಬನ್ನಿ ಉದುರಿಸುತ್ತಿದ್ದದ್ದು ಹಾಗೆಯೇ, ನೀರು ಹೊಯ್ಯುತ್ತಿದ್ದದ್ದೂ ಹಾಗೆಯೇ. ಮುದಕಪ್ಪ ಕೈ ಹಿಂದಕ್ಕೆ ತೆಗೆದ. ಎಲೆ ನೆಲಕ್ಕೆ ಬಿತ್ತು. ನಾನೇ ಹೇಳಿದೆ. ಎಷ್ಟು ತಲೆಮಾರಿನಿಂದ ಗಂಟಲಲ್ಲಿ ಇತ್ತೋ, ಸಲೀಸಾಗಿ ಹೊರಗೆ ಬಂತು.

“ಬಗ್ಗಿ ಎತ್ಕೊಂಡು ಕೈಗ್ ಕೊಡಣ್ಣ.”

ಆಂಜಿನಪ್ಪ ನನ್ನನ್ನು ನೋಡಿದ, ಸುತ್ತ ನಿಂತ ಜನರನ್ನು ನೋಡಿದ, ಗೋಡೆಯ ಆಚೆಯ ವಾಸನೆ ಎಳೆದುಕೊಂಡ. ಬಗ್ಗಿದ. ಎತ್ತಿದ. ಕೈಗೆ ಕೊಟ್ಟ. ಅವನ ಕೈ ಬೆವೆತಿತ್ತು ಅಂತ ಮುದಕಪ್ಪ ಆಮೇಲೆ ಹೇಳಿದ.

ಉಳಿದವರು ಒಬ್ಬರೇ. ಗುಡಿ ಇರುವುದು ಕಾಂಪೌಂಡಿನ ತಗ್ಗಿನ ಮೂಲೆಯಲ್ಲಿ, ಹರಿದ ನೀರೆಲ್ಲ ಅತ್ತಲೇ ಹೋಗಿ ನಿಂತಿತ್ತು. ಸಿದ್ದಲಿಂಗಯ್ಯನವರು ಪಂಚೆ ಮೇಲೆತ್ತಿ ಕಟ್ಟಿಕೊಂಡು, ಒಂದು ಕೈಯಲ್ಲಿ ಆರತಿ ತಟ್ಟೆ, ಇನ್ನೊಂದು ಕೈಯಲ್ಲಿ ಗಂಟೆ ಹಿಡಿದು ಬಂದರು. ಕರ್ಪೂರ ಉರಿಯುತ್ತಿತ್ತು. ನೀರು ಮೆಟ್ಟಿಲಿಗೆ ಬಂದಿದೆ, ಗಾಡಿಗೆ ಬೇಗ ಪೂಜೆ ಮುಗಿಸಿಬಿಡೋಣ ಅಂದರು.

“ಪೂಜಿ ನಿನ್ನೆನ ಆಗೇತ್ರಿ ಅಯ್ಯಾರ,” ಅಂದಳು ಬಸಕ್ಕ. “ಬನ್ನಿ ತಂದೀರೇನು?”

ತಂದಿರಲಿಲ್ಲ. ಬಸಕ್ಕ ತನ್ನ ಉಡಿಯಿಂದ ನಾಲ್ಕು ಎಲೆ ತೆಗೆದು, ನೀವು ಹಿರಿಯರು, ನಾನೇ ಕೊಡುತ್ತೇನೆ ಅಂತ ಕೈ ಚಾಚಿದಳು. ಅವರು ತಟ್ಟೆ ಮುಂದೆ ಮಾಡಿದರು.

“ತಾಟಿಗಲ್ರೀ. ಕೈಗೆ.”

ಅವರ ಎರಡೂ ಕೈ ತುಂಬಿದ್ದವು. ಒಂದನ್ನಾದರೂ ಕೆಳಗಿಡಬೇಕು. ಇಡಲು ಅಲ್ಲಿ ನಮ್ಮ ಗಾಡಿಯ ಮೂತಿ ಬಿಟ್ಟರೆ ಬೇರೆ ಜಾಗ ಇರಲಿಲ್ಲ. ಅವರು ತಟ್ಟೆ ನೋಡಿದರು, ಗಂಟೆ ನೋಡಿದರು, ಹಿಂದೆ ಗುಡಿ ನೋಡಿದರು. ಬಸಕ್ಕನ ಕೈ ಚಾಚಿಯೇ ಇತ್ತು. ಮುದಕಪ್ಪ ಅವಳಿಂದ ಕೀಲಿ ಇಸಿದುಕೊಂಡು ಸೀಟಿನ ಮೇಲೆ ಕೂತ, ಆದರೆ ತಿರುಗಿಸಲಿಲ್ಲ. ನಾನು ದಾರ ಕಟ್ಟಿದ ಪೈಪಿನ ಬಾಯಿಯನ್ನು ಹೆಗಲಿಗೆ ಏರಿಸಿಕೊಂಡು ನಿಂತೆ.

“ಸಾವಕಾಶ ಆಗ್ಲಿ ಅಯ್ಯಾರ,” ಅಂತ ಮುದಕಪ್ಪ ಕಿಟಕಿಯಿಂದ ಕೂಗಿ ಹೇಳಿದ. “ನಮಗೇನ ಗಡಿಬಿಡಿ ಇಲ್ರಿ.”

ಕರ್ಪೂರ ಆರಿತು. ಅತ್ತ ನೀರು ಗಣಪತಿಯ ಇನ್ನೊಂದು ಮೆಟ್ಟಿಲು ಹತ್ತಿತು.